ಅರವತ್ತು ಟನ್ನಿನ ತಕ್ಕಡಿ

ನರಸಾಪುರದ ತಿರುವಿನಲ್ಲಿ, ಹೈವೇಗೆ ಬೆನ್ನು ಕೊಟ್ಟು
ಸೊಣ್ಣಪ್ಪನವರ ವೇಬ್ರಿಡ್ಜು.
ಗಾಜಿನ ಪೆಟ್ಟಿಗೆಯೊಳಗೆ, ಸ್ಟೂಲಿನ ಮೇಲೆ ನಾನು.
ಬೆಳಗಿನ ಆರರಿಂದ ಮಧ್ಯಾಹ್ನ ಎರಡರವರೆಗೆ
ಈ ಸೀಮೆ ಎಷ್ಟು ಭಾರವೆಂದು ಬರೆದುಕೊಡುತ್ತೇನೆ.
ಚೀಟಿಗೆ ನೂರು ರೂಪಾಯಿ. ಕಾರ್ಬನ್ ಪ್ರತಿ ನಮಗೆ.

ತುಂಬಿದ ತೂಕ, ಖಾಲಿ ತೂಕ, ಕಳೆದರೆ ಉಳಿಯುವ ತೂಕ.
ಈ ಮೂರು ಸಾಲಿನೊಳಗೇ ಎಲ್ಲ ಹಾದುಹೋಗಿದೆ:
ಮೊದಲು ಟೊಮೇಟೊ, ಕ್ರೇಟಿನ ಸಂದಿಯಲ್ಲಿ ರಸ ಸೋರುತ್ತಾ;
ಆಮೇಲೆ ಜಲ್ಲಿ, ಎಂ-ಸ್ಯಾಂಡು, ಕಬ್ಬಿಣದ ತೊಲೆ;
ಆಮೇಲೆ ಆ ತೊಲೆಗಳ ಕೆಳಗೆ ನಿಲ್ಲಬೇಕಾದ ಯಂತ್ರಗಳು,
ಮರದ ಪೆಟ್ಟಿಗೆ, ಮೇಲೆ ನನಗೆ ಓದಲು ಬಾರದ ಲಿಪಿ,
ಪಕ್ಕದಲ್ಲಿ ಒಡೆದ ಗ್ಲಾಸಿನ ಚಿತ್ರ.
ಈಗ ಹುಡುಗಿಯರ ಬಸ್ಸುಗಳು. ಅವು ತೂಕಕ್ಕೆ ನಿಲ್ಲುವುದಿಲ್ಲ.
ಕಿಟಕಿಗೆ ಒರಗಿದ ತಲೆಗಳು, ರಾತ್ರಿ ಪಾಳಿ ಮುಗಿಸಿದವು,
ಹಾಗೇ ಹೊರಟುಹೋಗುತ್ತವೆ.

ಯಂತ್ರ ಹತ್ತು ಹತ್ತಾಗಿ ಎಣಿಸುತ್ತದೆ.
ನಾಲ್ಕು ಕೆ.ಜಿ. ಇದ್ದರೆ ಸೊನ್ನೆ, ಆರಿದ್ದರೆ ಹತ್ತು.
ಅರವತ್ತು ಟನ್ ಹೊರುವುದಕ್ಕೆ
ಕೋಳಿಯ ಭಾರ ತಿಳಿಯುವುದಿಲ್ಲ.

ಪಿಳ್ಳಮ್ಮ ಮೊದಲ ಸಲ ಬಂದದ್ದು ತಳ್ಳುಗಾಡಿಯಲ್ಲಿ.
"ಫ್ಯಾಕ್ಟ್ರಿ ರಟ್ಟು. ತೂಗ್ತೀಯಾ?"
ಸೊಣ್ಣಪ್ಪ ನಕ್ಕರು, ಚೀಟಿಗಿಂತ ಮಾಲು ಅಗ್ಗವಾಯಿತಲ್ಲ ಎಂದು.
ಅವಳು ಎಲೆಗೆ ಸುಣ್ಣ ಸವರುತ್ತಾ ಅಂದಳು:
"ತೂಗಮ್ಮ. ಚೀಟಿ ಇಲ್ದೋರ ಮಾತು ಯಾರೂ ಕೇಳಲ್ಲ."

ಎರಡು ವರ್ಷದ ಚೀಟಿ, ದಾರಕ್ಕೆ ಪೋಣಿಸಿದ್ದನ್ನು
ಬ್ಯಾಂಕಿನ ಮೇಜಿನ ಮೇಲೆ ಹಾರದಂತೆ ಇಟ್ಟಳಂತೆ.
ಮ್ಯಾನೇಜರು ಬ್ಯಾಲೆನ್ಸ್ ಶೀಟು ಕೇಳಿದ್ದಕ್ಕೆ
"ಇದೇ ಸ್ವಾಮಿ, ಶೀಟು ಶೀಟಾಗೈತೆ" ಅಂದಳಂತೆ.
ಈಗ ಟಾಟಾ ಏಸು, ಬಂಪರಿಗೆ ನಿಂಬೆಹಣ್ಣು,
ಸ್ಟಿಯರಿಂಗಿಗೆ ಸೊಸೆ ಭಾಗ್ಯವತಿ.

ಕಂಟ್ರಾಕ್ಟರಿನ ಹುಡುಗರು ರಟ್ಟಿಗೆ ನೀರು ಹೊಡೆದು ಕೊಡುತ್ತಾರೆ.
ಒಣಗಿದರೆ ಎಪ್ಪತ್ತು ಕೆ.ಜಿ. ಆವಿ,
ಕೆ.ಜಿ.ಗೆ ಹನ್ನೆರಡು, ಲೆಕ್ಕ ನೀವೇ ಹಾಕಿ.
ಪಿಳ್ಳಮ್ಮ ಜಗಳವಾಡಲಿಲ್ಲ.
ಖಾಲಿ ಗಾಡಿ ತೂಗುವಾಗ ಹಿಂದೆ ಕೂತಿರುತ್ತಾಳೆ,
ಸೆರಗು ಹೊದ್ದು, ಹಲ್ಲುನೋವಿನವಳ ಹಾಗೆ.
ತುಂಬಿದ ಗಾಡಿ ಬರುವಾಗ
ಆಗಲೇ ಇಳಿದು, ಟೀ ಅಂಗಡಿಯಲ್ಲಿ ಬನ್ನು ಅದ್ದುತ್ತಿರುತ್ತಾಳೆ.
ಎಪ್ಪತ್ತು ಕೆ.ಜಿ. ನೀರಿಗೆ
ಎಪ್ಪತ್ತು ಕೆ.ಜಿ. ಪಿಳ್ಳಮ್ಮ.

ಎಂಟನೇ ಸಲಕ್ಕೆ ನನಗೆ ತಿಳಿಯಿತು.
ಕಾಣುವುದು ನನ್ನ ಕೆಲಸ,
ಹೇಳುವುದು ಸಂಬಳದಲ್ಲಿ ಸೇರಿಲ್ಲ.
ಆದರೂ ಒಂದು ದಿನ ಬಾಯಿ ತಡೆಯಲಿಲ್ಲ:
"ಅಕ್ಕಾ, ಬನ್ನು ಕಮ್ಮಿ ಮಾಡು. ಎಂಬತ್ತಾಗಿದೀಯ."
ಅಬ್ಬೋ, ಎಂದು ತೊಡೆ ತಟ್ಟಿ ನಕ್ಕಳು.
"ಆಗ್ಲಿ ಬಿಡು, ಅವರೂ ನೀರು ಜಾಸ್ತಿ ಹೊಡೀತಾವ್ರೆ."

ನಗು ನಿಂತ ಮೇಲೆ ಗಾಜಿಗೆ ಮುಖ ತಂದು,
"ಎಷ್ಟು ಕೊಡ್ತಾನೆ ಸೊಣ್ಣಪ್ಪ?"
ಹದಿಮೂರು, ಅಂದೆ.
"ಹೊಸೂರಲ್ಲಿ ಹಳೇ ಪ್ರೆಸ್ಸು ನೋಡಿಟ್ಟಿದೀನಿ.
ರಟ್ಟು ಒತ್ತಿ, ಬೇಲು ಕಟ್ಟಿ, ನೇರ ಮಿಲ್ಲಿಗೆ.
ಲೆಕ್ಕ ಬರೆಯೋಕೆ ಜನ ಬೇಕು. ಸಂಬಳ ಅಲ್ಲ ಕಣೆ, ಪಾಲು."
ಮಿಲ್ಲಿನ ತಕ್ಕಡಿಯಲ್ಲಿ ಏನು ಮಾಡ್ತೀಯಾ?
"ಅಲ್ಲಿ ಉಲ್ಟಾ. ಅಲ್ಲಿ ನಾವು ಮಾರೋರು.
ತುಂಬಿದಾಗ ಕೂತಿರ್ಬೇಕು, ಖಾಲಿ ಆದಾಗ ಇಳೀಬೇಕು.
ದೊಡ್ಡ ಗಾಡಿ ನೋಡು, ಒಬ್ಬಳ ಮೈ ಸಾಲಲ್ಲ."

ಅಣಕಿಸಿದಳೋ ಕರೆದಳೋ.
ಏಸು ಧೂಳೆಬ್ಬಿಸಿ ವೇಮಗಲ್ ಕಡೆ ಹೋಯಿತು.

ಮಧ್ಯಾಹ್ನ, ಲಾರಿ ಬಾರದ ಹೊತ್ತು ನೋಡಿ
ಚಪ್ಪಲಿ ಬಿಟ್ಟು ಹಲಗೆಯ ನಡುವೆ ನಿಂತೆ.
ಕಾದ ಕಬ್ಬಿಣ. ಹೊರಗಿನ ಬೋರ್ಡಿನ ಕೆಂಪು ಅಂಕಿ
ನಲವತ್ತು, ಐವತ್ತು,
ನಲವತ್ತು, ಐವತ್ತು,
ಒಂದು ತೀರ್ಮಾನಕ್ಕೆ ಬರುತ್ತಲೇ ಇರಲಿಲ್ಲ.
ಅಷ್ಟರಲ್ಲಿ ಬೆನ್ನ ಹಿಂದೆ ಹಾರ್ನು,
ಟೊಮೇಟೊ ಲಾರಿ, ಅವಸರ.
ಅಂಗಾಲು ಸುಡುತ್ತಿದ್ದರೂ
ಇನ್ನೊಂದು ಗಳಿಗೆ ಇಳಿಯಲಿಲ್ಲ ನಾನು.